ಕೆರೆಗಳು ಕಟ್ಟಿದ ಸೀಮೆ: ಶಿಂಷಾ ಕಣಿವೆಯ ಊರುಗಳು ಮತ್ತು ಕೃಷಿ ಸಮುದಾಯಗಳು

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಚರಿತ್ರೆಯನ್ನು ಪಾಳೆಯಗಾರರು ಮತ್ತು ಕೋಟೆಗಳ ಮೂಲಕ ಹೇಳುವುದು ರೂಢಿ. ಆದರೆ ಇಲ್ಲಿ ಊರು ಎಲ್ಲಿ ನೆಲೆಗೊಳ್ಳಬೇಕು, ಯಾರು ಯಾವ ದುಡಿಮೆ ಮಾಡಬೇಕು ಎಂಬುದನ್ನು ಬಹುಪಾಲು ನಿರ್ಧರಿಸಿದ್ದು ಕೆರೆಗಳು. ಶಿಂಷಾ ಕಣಿವೆಯ ನೆಲ, ಶಾಸನ ಮತ್ತು ಗ್ರಾಮವ್ಯವಸ್ಥೆಯನ್ನು ಒಟ್ಟಿಗಿಟ್ಟು ಈ ಮಾತನ್ನು ಸ್ಥಾಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲದ ಸ್ವರೂಪ

ತುಮಕೂರಿನ ಪೂರ್ವಕ್ಕಿರುವ ದೇವರಾಯನದುರ್ಗದ ಬೆಟ್ಟಸಾಲು ಎರಡು ನದಿಗಳ ತವರು. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷೆ ದಕ್ಷಿಣದ ಹಾದಿ ಹಿಡಿದು ಸುಮಾರು 221 ಕಿಲೋಮೀಟರ್ ಸಾಗಿ ಕಾವೇರಿಯನ್ನು ಕೂಡುತ್ತದೆ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಅದರ ನೀರು ದೊಡ್ಡ ಕೆರೆಯಾಗಿ ನಿಲ್ಲುತ್ತದೆ. ಮುಂದೆ ಕುಣಿಗಲ್ ಸೀಮೆಯಲ್ಲಿ ನಾಗಿನಿ ಇದರ ಉಪನದಿ.

ಕಣಿವೆಯೆಂದರೂ ಇದು ಮಲೆನಾಡಿನ ಆಳದ ಕಣಿವೆಯಲ್ಲ. ಅಲೆಯಲೆಯಾಗಿ ಏರಿಳಿಯುವ ಕೆಂಪು ನೆಲ, ನಡುನಡುವೆ ಬೋಳುಬಂಡೆ, ತಗ್ಗಿನಲ್ಲಿ ಹಳ್ಳ. ಮಳೆ ಸಾಧಾರಣ, ಅದೂ ಹಂಗಾಮಿನ ಕೆಲವೇ ವಾರಗಳಲ್ಲಿ ಸುರಿದು ಮುಗಿಯುವಂಥದು. ಆದ್ದರಿಂದ ಎತ್ತರದ ಬೆದ್ದಲಿನಲ್ಲಿ ರಾಗಿ, ಅವರೆ, ಹುರುಳಿ. ಏರಿಯ ಕೆಳಗಿನ ಗದ್ದೆಯಲ್ಲಿ ಭತ್ತ. ತೇವ ನಿಲ್ಲುವ ಕಡೆ ತೆಂಗು, ಅಡಿಕೆ, ವೀಳ್ಯದೆಲೆ. ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಊರಿನ ಕೆರೆಯನ್ನು ತುಂಬುತ್ತಿತ್ತು. ಮೇಲೂರಿನ ಏರಿ ಒಡೆದರೆ ಕೆಳಗಿನ ಊರಿಗೂ ಅಪಾಯ. ಹೀಗೆ ಒಂದೊಂದು ಹಳ್ಳದ ಸಾಲಿನ ಊರುಗಳು ಬೇಕೋ ಬೇಡವೋ ಒಂದೇ ಸಂಬಂಧದಲ್ಲಿ ಬಂಧಿಯಾದವು.

ಶಾಸನಗಳ ಸಾಕ್ಷ್ಯ

ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಇವುಗಳಲ್ಲಿ ಕಡಬದ ತಾಮ್ರಪಟ ಮುಖ್ಯವಾದುದು. ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿನ ಈ ದಾನಪತ್ರ, ಕ್ರಿ.ಶ. 813ರ ಸುಮಾರಿನಲ್ಲಿ ಚಾಕಿರಾಜನ ಕೋರಿಕೆಯಂತೆ ಅರ್ಕಕೀರ್ತಿ ಎಂಬ ಜೈನಮುನಿಗೆ ಜಾಲಮಂಗಲ ಗ್ರಾಮವನ್ನು ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ತುಮಕೂರಿಗೆ ಹತ್ತಿರದ ಕೈದಾಳದಲ್ಲಿ ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಗುಳಿಬಾಚಿ 1150ರ ಸುಮಾರಿಗೆ ದೇಗುಲಗಳ ಜೊತೆಗೆ ಕೆರೆಗಳನ್ನೂ ಕಟ್ಟಿಸಿದ. ಗುಡಿಯೂ ಕೆರೆಯೂ ಒಂದೇ ಪುಣ್ಯಕಾರ್ಯವೆನಿಸಿದ್ದ ಕಾಲವದು. ದೇವರ ಪೂಜೆಗೆ ಬಿಟ್ಟ ಗದ್ದೆಗೆ ನೀರಿಲ್ಲದಿದ್ದರೆ ದತ್ತಿ ನಿಲ್ಲುವುದೆಂತು?

ಏರಿಯ ಕೆಳಗಿನ ಸಮುದಾಯ

ಹಳೆಯ ತೂಬಿನಲ್ಲಿ ಎರಡು ಕಲ್ಲುಕಂಬಗಳು, ಅವನ್ನು ಹಿಡಿದ ಅಡ್ಡಕಲ್ಲು, ನಡುವೆ ಮೇಲಕ್ಕೆ ಎಳೆಯುವ ಮರದ ಗೂಟ. ಗೂಟದ ತುದಿಯ ಬಿರಡೆ ಎದ್ದಷ್ಟು ನೀರು ಕಾಲುವೆಗೆ. ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ನೀರಗಂಟಿಯ ಹೊಣೆ. ಸುಗ್ಗಿಯಲ್ಲಿ ಕಣದಿಂದ ಬರುವ ಆಯವೇ ಅವನ ಕೂಲಿ. ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದ್ದು. ಇಡೀ ಅಚ್ಚುಕಟ್ಟಿನ ಲೆಕ್ಕ ಬಲ್ಲವನಿಗೆ ಅದೇ ಅಚ್ಚುಕಟ್ಟಿನಲ್ಲಿ ಸ್ವಂತ ನೆಲ ಸಿಕ್ಕಿದ್ದು ಕಡಿಮೆ. ಕೆರೆಯ ವ್ಯವಸ್ಥೆಯನ್ನು ಹೊಗಳುವವರು ಈ ಅನ್ಯಾಯವನ್ನೂ ಬರೆಯಬೇಕು.

ಒಕ್ಕಲಿಗರು ಮತ್ತು ಲಿಂಗಾಯತರು ಹೊಲಗದ್ದೆಗಳ ಸುತ್ತ ನೆಲೆನಿಂತರು. ತಿಗಳರು ತರಕಾರಿ, ಹೂವು, ಎಲೆತೋಟಗಳಲ್ಲಿ ಕೈ ಪಳಗಿಸಿದರು. ಬೆಸ್ತರು ಮೀನು ಹಿಡಿದರು. ಕುರುಬರೂ ಗೊಲ್ಲರೂ ಕುರಿ ದನಗಳೊಡನೆ ಬೆದ್ದಲು ಮತ್ತು ಕಾವಲುಗಳನ್ನು ಆಶ್ರಯಿಸಿದರು. ಊರಿನಿಂದ ದೂರವುಳಿದ ಗೊಲ್ಲರಹಟ್ಟಿಗಳು ಈ ಭೂವಿಭಜನೆಯ ಗುರುತನ್ನು ಇಂದಿಗೂ ಹೊತ್ತಿವೆ.

ಸಂತೆ ಮತ್ತು ಮಠ

1800ರಲ್ಲಿ ಮೈಸೂರು ಸೀಮೆಯ ಪ್ರವಾಸ ಕೈಗೊಂಡು 1807ರಲ್ಲಿ ಅದರ ವರದಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಗುಬ್ಬಿಯನ್ನು ವ್ಯಾಪಾರದ ಊರೆಂದು ಗುರುತಿಸಿದ್ದ. ತೋಟದ ಫಸಲು ಕಣಿವೆಯ ಹಳ್ಳಿಗಳನ್ನು ಸಂತೆಗೆ ಜೋಡಿಸಿತು. 1884ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು ಇದೇ ಪೇಟೆಯ ಊರಿನಲ್ಲಿ. ಕುಣಿಗಲ್ ತಾಲ್ಲೂಕಿನಲ್ಲಿ ಸಿದ್ಧಲಿಂಗ ಯತಿಗಳು ನಾಗಿನಿ ದಂಡೆಯ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿದೆ. ಅವರ ಗದ್ದುಗೆ ಇರುವ ಎಡೆಯೂರು ಇಂದಿಗೂ ದೊಡ್ಡ ಯಾತ್ರಾಸ್ಥಳ. ಕುಣಿಗಲ್ ದೊಡ್ಡಕೆರೆಯಂತೂ ಜನಪದ ಹಾಡಾಗಿ ಕನ್ನಡ ನಾಡಿನ ತುಂಬ ಮನೆಮಾತಾಗಿದೆ.

ಜಲಾಶಯ, ಕಾಲುವೆ, ಕೊಳವೆಬಾವಿ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಅಡ್ಡಲಾಗಿ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ನೀರಿನ ಅಳತೆಯನ್ನೇ ಬದಲಿಸಿತು. ಸುಮಾರು 2.4 ಟಿಎಂಸಿ ಹಿಡಿಯುವ ಅದರಲ್ಲಿ, ಮಟ್ಟ ಮೀರಿದಾಗ ಸೈಫನ್‌ಗಳು ತಾವಾಗಿಯೇ ನೀರನ್ನು ಹೊರಹಾಕುತ್ತವೆ. ಮುಂದೆ ಗೊರೂರು ಜಲಾಶಯದ ಹೇಮಾವತಿ ನೀರು ಕಾಲುವೆಯಲ್ಲಿ ಈ ಸೀಮೆಗೂ ಬಂತು. ತುಮಕೂರು ನಗರಕ್ಕೆ ಕುಡಿಯುವ ನೀರೊದಗಿಸುವ ಬುಗುಡನಹಳ್ಳಿ ಕೆರೆ ತುಂಬುವುದೂ ಅದರಿಂದಲೇ. ಈಗ ನೀರಿನ ಮಾತುಕತೆ ಮೇಲೂರು ಕೆಳಗಿನೂರುಗಳ ನಡುವೆ ಉಳಿದಿಲ್ಲ. ಕಾಲುವೆಯ ಪಾಲಿಗಾಗಿ ತಾಲ್ಲೂಕು ತಾಲ್ಲೂಕುಗಳೇ ಎದುರುಬದುರಾಗಿವೆ. ಕೊಳವೆಬಾವಿಯು ತೋಟವನ್ನು ಬೆದ್ದಲಿಗೂ ಹಬ್ಬಿಸಿ ಅನೇಕ ಸಣ್ಣ ರೈತರ ಬದುಕನ್ನು ಎತ್ತಿತು, ನಿಜ. ಆದರೆ ನೀರು ಒಬ್ಬೊಬ್ಬರ ಸ್ವತ್ತಾದ ಮೇಲೆ ಊರು ಕೂಡಿ ಹೂಳೆತ್ತುವ ಕಟ್ಟುಪಾಡು ಸಡಿಲಗೊಂಡಿತು, ನೀರಗಂಟಿಯ ಕೆಲಸ ಮರೆಯಾಗುತ್ತ ಬಂತು.

ಸಮಾರೋಪ

ಶಿಂಷಾ ಕಣಿವೆಯ ಸಮುದಾಯಗಳನ್ನು ಜಾತಿಪಟ್ಟಿಯಿಂದಲೋ ತಾಲ್ಲೂಕಿನ ಗಡಿಯಿಂದಲೋ ಅರಿಯಲಾಗದು. ಅವು ಕೆರೆಸಾಲುಗಳ ಸಮುದಾಯಗಳು. ಕೆರೆ ಸಂರಕ್ಷಣೆಗೆಂದು ರಾಜ್ಯದಲ್ಲಿ 2014ರ ಕಾಯ್ದೆಯೇನೋ ಇದೆ. ಆದರೆ ಒಂದೊಂದು ಕೆರೆಯನ್ನು ಬಿಡಿಬಿಡಿಯಾಗಿ ಅಳೆದು ಬೇಲಿ ಹಾಕಿದರೆ ಸಾಲದು. ಕೋಡಿಯಿಂದ ಮುಂದಿನ ಕೆರೆಯವರೆಗಿನ ಹಳ್ಳವೂ ಉಳಿಯಬೇಕು. ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗಗಳು ಏರಿಯ ಮೇಲಿನ ಶಾಸನಗಳೊಂದಿಗೆ ಹಳೆಯ ನೀರಗಂಟಿ ಮನೆತನಗಳ ತಿಳಿವಳಿಕೆಯನ್ನೂ ದಾಖಲಿಸಬೇಕು. ಕಲ್ಲಿನ ಬರಹ ಇನ್ನೂ ಕೆಲವು ಕಾಲ ಉಳಿದೀತು. ಆ ಹಿರಿಯರ ನೆನಪಿಗೆ ಅಷ್ಟು ಆಯುಸ್ಸಿಲ್ಲ. ಈ ಕೆಲಸ ಈಗಲೇ ಆಗಬೇಕು.