ಬೂಟ್ಸು ಕಳಚಿದ ಮೇಲೆ

ಕಾಲಿಗೆ ಮೆಟ್ಟುವುದನ್ನು ಪಂಡಿತರು ಉಪಾನಹವೆಂದರು. ನಮ್ಮ ಹಳ್ಳಿಗರು ಕೆರವೆಂದರು, ಎಕ್ಕಡವೆಂದರು. ಹೆಸರು ಯಾವುದಾದರೂ ಆಗಲಿ, ಅದನ್ನು ಆರಿಸುವವನು ಮೆಟ್ಟುವವನೇ ಎಂದು ನಾವು ತಿಳಿದಿರುತ್ತೇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಲಕ್ಷಾಂತರ ಗಂಡಸರಿಗೆ ಆ ಸ್ವಾತಂತ್ರ್ಯವಿರಲಿಲ್ಲ.

1939ರಲ್ಲಿ ಕಡ್ಡಾಯ ಸೈನ್ಯಸೇವೆ ಬಂದಿತು. ಭೂಸೇನೆಗೆ ಸೇರಿದವನು ಗುಮಾಸ್ತನಿರಲಿ, ಅಂಗಡಿಯವನಿರಲಿ, ಕಾಲಿಗೆ ಒಂದೇ ಬಗೆಯ ಬೂಟ್ಸು. ಅದಕ್ಕೆ ‘ಅಮ್ಯುನಿಷನ್ ಬೂಟ್ಸ್’ ಎಂದು ಹೆಸರು. ಒರಟು ಕರಿಯ ತೊಗಲು, ಅಟ್ಟೆಗೆ ಬಡಿದ ಮೊಳೆಗಳು, ಹಿಮ್ಮಡಿಗೆ ಕುದುರೆಲಾಳದಂಥ ಕಬ್ಬಿಣ. ಬಾಳಿಕೆಗೇನೋ ಕೊರತೆಯಿಲ್ಲ, ಆದರೆ ಹೊಸದರಲ್ಲಿ ಕಾಲೇ ಬೂಟ್ಸಿಗೆ ಒಗ್ಗಬೇಕಾಗಿತ್ತು.

1945ರ ಜೂನ್ 18ರಿಂದ ಸೈನಿಕರನ್ನು ಮನೆಗೆ ಕಳುಹಿಸಲು ಆರಂಭಿಸಿದರು. ಹೊರಡುವವನಿಗೆ ಸರ್ಕಾರವೇ ಸೂಟು, ಷರ್ಟು, ಟೈ, ಟೋಪಿ, ಮಳೆಯಂಗಿ, ಒಂದು ಜೊತೆ ಷೂ ಕೊಡುತ್ತಿತ್ತು. ಉಗ್ರಾಣದಲ್ಲಿ ಇದ್ದುದರಲ್ಲಿ ಆರಿಸಿಕೊಳ್ಳಬಹುದಿತ್ತು. ಅದನ್ನು ಆಯ್ಕೆ ಎಂದರೆ ಆಯ್ಕೆಯೇ! ಎರಡನೆಯ ಜೊತೆ ಬೇಕೆಂದರೆ ಕೈಯಲ್ಲಿ ಹಣವಿದ್ದರೆ ಸಾಲದು, ಕೂಪನ್ನು ಬೇಕು. ಉಡುಪು ಪಾದರಕ್ಷೆಗಳ ರೇಷನ್ನು 1941ರ ಜೂನ್ 1ರಂದೇ ಬಂದಿತ್ತು. ಮೊದಲ ವರ್ಷ ತಲೆಗೆ 66 ಕೂಪನ್ನು; ಗಂಡಸರ ಒಂದು ಜೊತೆ ಷೂಗೆ ಅದರಲ್ಲಿ 7 ಹೋಗುತ್ತಿತ್ತು. ಮುಂದೆ ಕೂಪನ್ನಿನ ಸಂಖ್ಯೆಯೂ ಇಳಿಯಿತು. ಉಡುಪಿನ ರೇಷನ್ನು ತೊಲಗಿದ್ದು 1949ರ ಮಾರ್ಚಿನಲ್ಲಿ. ಯುದ್ಧ ಗೆದ್ದವನು ಮನಸ್ಸಿಗೆ ಒಪ್ಪುವ ಷೂ ಕೊಳ್ಳಲು ಮತ್ತೆ ವರ್ಷಗಟ್ಟಲೆ ಕಾಯಬೇಕಾಯಿತೆಂದರೆ, ಆ ಗೆಲುವಿಗೆ ಜನ ತೆತ್ತ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಅಧಿಕಾರಿಗಳಿಗೆ ಮಾತ್ರ ಸ್ವಲ್ಪ ಸಡಿಲವಿತ್ತು. ಈಜಿಪ್ಟಿನ ಮರಳುಗಾಡಿನಲ್ಲಿ ಹೋರಾಡಿದ ಎಂಟನೆಯ ಸೇನೆಯ ಕೆಲವರು ಕೈರೋದ ಬಜಾರಿನಲ್ಲಿ ತಮಗೆ ಬೇಕಾದ ಮೆಟ್ಟನ್ನು ಹೊಲಿಸಿಕೊಂಡರು. ಮಖಮಲ್ಲಿನಂತೆ ಮೃದುವಾದ ಸ್ವೇಡ್ ತೊಗಲು, ಕ್ರೇಪ್ ರಬ್ಬರಿನ ಅಟ್ಟೆ, ದಾರಕ್ಕೆ ಎರಡೇ ಜೊತೆ ತೂತು. ಮೊಳೆಯಿಲ್ಲ, ಲಾಳವಿಲ್ಲ, ನಡೆದರೆ ಸದ್ದಿಲ್ಲ. 1941ರಲ್ಲಿ ಬರ್ಮಾಕ್ಕೆ ಹೋದ ನೇಥನ್ ಕ್ಲಾರ್ಕ್ ಎಂಬ ಅಧಿಕಾರಿಯ ಕಣ್ಣು ಇವುಗಳ ಮೇಲೆ ಬಿತ್ತು. ಬೀಳದಿರುತ್ತದೆಯೆ? ಆತನ ಮನೆತನದ್ದು ಸಾಮರ್ಸೆಟ್ ಪ್ರಾಂತದ ಸ್ಟ್ರೀಟ್ ಎಂಬ ಊರಿನಲ್ಲಿ 1825ರಿಂದ ನಡೆದು ಬಂದ ಪಾದರಕ್ಷೆಯ ಕಸುಬು.

ಯುದ್ಧ ಮುಗಿದ ಮೇಲೆ ಆತ ಅದೇ ಮಾದರಿಯನ್ನು ಸ್ವತಃ ಕತ್ತರಿಸಿ ಸಿದ್ಧಪಡಿಸಿದ. ಕಂಪನಿಯ ಹಿರಿಯರು ‘ಇದು ಮಾರಾಟವಾಗದು’ ಎಂದು ತಳ್ಳಿಹಾಕಿದರು. ಹಿರಿಯರ ಸಮಿತಿಗಳು ಎಲ್ಲ ದೇಶಗಳಲ್ಲೂ ಒಂದೇ! ಆತ ಅದನ್ನು 1949ರಲ್ಲಿ ಅಮೆರಿಕದ ಷಿಕಾಗೋ ನಗರದ ಪಾದರಕ್ಷೆಗಳ ಮೇಳಕ್ಕೆ ಒಯ್ದ. ಅಲ್ಲಿ ಅದು ‘ಎಸ್ಕ್ವೈರ್’ ಪತ್ರಿಕೆಯ ಉಡುಪಿನ ವಿಭಾಗದ ಸಂಪಾದಕರ ಮನಸ್ಸಿಗೆ ಹಿಡಿಸಿತು; ಮರುವರ್ಷ ಬಣ್ಣದ ಚಿತ್ರಗಳೊಡನೆ ಅಚ್ಚಾಯಿತು. ‘ಡೆಸರ್ಟ್ ಬೂಟ್’ ಎಂಬ ಆ ಮೆಟ್ಟು ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ, ಅದೇ ಎರಡು ಜೊತೆ ತೂತುಗಳೊಡನೆ.