ಮನೆ ಬದಲಾಯಿಸಿದ್ದು ಯಂತ್ರಕ್ಕೆ ಗೊತ್ತಾಗಲಿಲ್ಲ

2017ರ ಬೇಸಿಗೆ. ಮಲೆನಾಡಿನ ಒಂದು ಸಹಕಾರ ಸಂಘದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮಂಡಿಯೂರಿ ಕೂತಿದ್ದೆ. ಎದುರಿಗೆ ಸಂಘದ ಸರ್ವರ್. ಅದರ ನೆತ್ತಿಯ ಮೇಲೆ ಹಿಂದಿನ ಆಯುಧಪೂಜೆಯ ಕುಂಕುಮ, ಪಕ್ಕದಲ್ಲಿ ಬ್ಯಾಟರಿ ಊದಿಕೊಂಡ ಯುಪಿಎಸ್. ಸದಸ್ಯರ ಸಾಲ, ಠೇವಣಿ, ಷೇರು, ಅಡಿಕೆಯ ಲೆಕ್ಕ ಎಲ್ಲಾ ಅದರ ಹೊಟ್ಟೆಯೊಳಗೆ. ಒಳಗಿದ್ದದ್ದು ವಿಂಡೋಸ್ ಸರ್ವರ್ 2003. ಮೈಕ್ರೋಸಾಫ್ಟ್ ಅದಕ್ಕೆ ಭದ್ರತೆಯ ತೇಪೆ ಹಚ್ಚುವುದನ್ನು 2015ರ ಜುಲೈಯಲ್ಲೇ ನಿಲ್ಲಿಸಿತ್ತು.

ಸಂಘದ ಕಾರ್ಯದರ್ಶಿ ನನ್ನ ಸೋದರಮಾವ. "ಮಳೆಗಾಲ ಶುರುವಾಗೋದ್ರೊಳಗೆ ಇದನ್ನ ಕ್ಲೌಡಿಗೆ ಹಾಕಿಕೊಡು ಮಾರಾಯ. ಹೋದ ವರ್ಷ ಸಿಡಿಲಿಗೆ ಮೋಡೆಮ್ ಸುಟ್ಟಿತು. ಈ ವರ್ಷ ಇದೇ ಸುಟ್ಟರೆ ನಾನು ಊರು ಬಿಡಬೇಕು" ಅಂತ ಫೋನ್ ಮಾಡಿ ಕರೆಸಿದ್ದರು.

ಮೊದಲು ಕೇಳಿದ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. "ಬ್ಯಾಕಪ್ ಇದೆಯಾ ಮಾವ?"

"ಇದೆ. ದಿನಾ ರಾತ್ರಿ ತಾನೇ ಆಗುತ್ತೆ. ಆರು ವರ್ಷದಿಂದ ಒಂದು ದಿನ ತಪ್ಪಿಲ್ಲ."

ಗುಮಾಸ್ತರು ಬೀರುವಿನಿಂದ ಹಾರ್ಡ್ ಡಿಸ್ಕ್ ತಂದುಕೊಟ್ಟರು. ನಿಜ, ಪ್ರತಿ ದಿನದ ಹೆಸರಿನಲ್ಲೂ ಒಂದೊಂದು ಫೈಲಿತ್ತು. ನಿನ್ನೆಯದನ್ನು ತೆರೆದೆ. ಅದರಲ್ಲಿದ್ದ ಕೊನೆಯ ವಹಿವಾಟು 2011ರದ್ದು! ಮೊನ್ನೆಯದರಲ್ಲೂ ಅದೇ. ಹೋದ ತಿಂಗಳದ್ದರಲ್ಲೂ ಅದೇ. ಆಗಿದ್ದಿಷ್ಟೇ: 2011ರಲ್ಲಿ ಸಿ ಡ್ರೈವ್ ತುಂಬಿತು ಅಂತ ಯಾರೋ ಬಂದು ಡೇಟಾಬೇಸನ್ನು ಡಿ ಡ್ರೈವ್‌ಗೆ ಸರಿಸಿದ್ದರು. ಬ್ಯಾಕಪ್ ಪ್ರೋಗ್ರಾಮಿಗೆ ಆ ವಿಷಯ ಹೇಳಿರಲಿಲ್ಲ. ಅದು ಪಾಪ, ಹಳೇ ಫೋಲ್ಡರನ್ನೇ ಶ್ರದ್ಧೆಯಿಂದ ಆರು ವರ್ಷ ಪ್ರತಿ ಮಾಡಿತ್ತು.

ಮಾವ ಕುರ್ಚಿ ಎಳೆದು ಕೂತರು. ಸದಸ್ಯರ ಆರು ವರ್ಷದ ಲೆಕ್ಕ ಇದ್ದದ್ದು ಕಟಕಟ ಅನ್ನುತ್ತಿದ್ದ ಆ ಒಂದೇ ಡಿಸ್ಕಿನಲ್ಲಿ.

ಆವತ್ತು ರಾತ್ರಿ ಎಂಟಕ್ಕೆ ಇಡೀ ಡಿಸ್ಕಿನ ಪ್ರತಿ ತೆಗೆಯಲು ಹಚ್ಚಿದೆ. ಮುಗಿದದ್ದು ಬೆಳಗಿನ ಜಾವ ಮೂರಕ್ಕೆ. ಅಷ್ಟು ಹೊತ್ತೂ ನಾನು, ಮಾವ, ಗುಮಾಸ್ತರು ಒಂದು ಫ್ಲಾಸ್ಕ್ ಕಾಫಿ ಇಟ್ಟುಕೊಂಡು ಎದುರಿಗೆ ಕೂತಿದ್ದೆವು. ಮಾವ ಕೇಳಿದರು: "ಅಲ್ಲ ಮಾರಾಯ, ಇದೇ ಪೆಟ್ಟಿಗೆಗೆ ಅಂತ ಬರೆದ ಪ್ರೋಗ್ರಾಮು ಇನ್ನೆಲ್ಲೋ ಇರೋ ಕಂಪ್ಯೂಟರಲ್ಲಿ ಹ್ಯಾಗೆ ನಡೆಯುತ್ತೆ?"

ನಿದ್ದೆಗೆಡಲು ಒಳ್ಳೆ ಪ್ರಶ್ನೆ. ನಾನು ಹೇಳಿದ್ದು ಹೆಚ್ಚುಕಡಿಮೆ ಈ ಕಥೆ.

1961ರಲ್ಲಿ ಅಮೆರಿಕದ ಎಂಐಟಿಯ ನೂರನೇ ವರ್ಷದ ಸಮಾರಂಭದಲ್ಲಿ ಜಾನ್ ಮೆಕಾರ್ಥಿ ಒಂದು ಮಾತು ಹೇಳಿದ್ದರು. ಟೆಲಿಫೋನಿನ ಹಾಗೆ ಗಣಕ ಸೇವೆಯೂ ಒಂದು ದಿನ ಸಾರ್ವಜನಿಕ ಸವಲತ್ತಾಗಬಹುದು ಅಂತ. ಆಗ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬುವ ಯಂತ್ರ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕೊಟ್ಟು, ಉತ್ತರಕ್ಕೆ ಕಾಯಬೇಕಿತ್ತು. ಅಂಥ ದುಬಾರಿ ಯಂತ್ರವನ್ನು ಹಲವರು ಒಟ್ಟಿಗೆ ಬಳಸೋದು ಹ್ಯಾಗೆ ಅನ್ನೋದು ಆ ಕಾಲದ ದೊಡ್ಡ ತಲೆನೋವು.

ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಐಬಿಎಂ 1964ರಲ್ಲಿ ಒಂದು ವಿಜ್ಞಾನ ಕೇಂದ್ರ ತೆರೆಯಿತು. ಅಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೋಮೋ ಮತ್ತು ಜೊತೆಗಾರರು ಒಂದು ವಿಚಿತ್ರ ಉಪಾಯ ಹೂಡಿದರು. ಕಂಪ್ಯೂಟರನ್ನು ಹಂಚುವ ಬದಲು, ಪ್ರತಿಯೊಬ್ಬರಿಗೂ ಒಂದೊಂದು ಪೂರ್ತಿ ಕಂಪ್ಯೂಟರ್ ಇದೆ ಅಂತ ನಂಬಿಸಿಬಿಟ್ಟರೆ? ಮಾರ್ಪಡಿಸಿದ ಒಂದು ಸಿಸ್ಟಮ್/360 ಮಾಡೆಲ್ 40ರ ಮೇಲೆ ಸಿಪಿ-40 ಅನ್ನುವ ಅವರ ವ್ಯವಸ್ಥೆ 1967ರ ಜನವರಿಯಲ್ಲಿ ಬಳಕೆಗೆ ಬಂತು. ಯಂತ್ರ ಒಂದೇ. ಅದು 14 ಯಂತ್ರಗಳ ವೇಷ ಹಾಕುತ್ತಿತ್ತು, ಒಂದೊಂದು ವೇಷಕ್ಕೂ 256 ಕೆ ಮೆಮೊರಿ. ಒಳಗೆ ಓಡುವ ಪ್ರೋಗ್ರಾಮಿಗೆ ತಾನು ವೇಷದೊಳಗಿದ್ದೇನೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ಅದರ ಒಂದು ಸಾಲನ್ನೂ ತಿದ್ದಬೇಕಾಗಿರಲಿಲ್ಲ. ವರ್ಚುವಲ್ ಮೆಷೀನ್ ಅನ್ನೋದು ಇದನ್ನೇ. 1972ರಲ್ಲಿ ಐಬಿಎಂ ಇದನ್ನೇ ವಿಎಂ/370 ಅಂತ ಮಾರುಕಟ್ಟೆಗೆ ತಂತು.

ಆಮೇಲೆ ಬಂದದ್ದು ಸಣ್ಣ, ಅಗ್ಗದ ಪೆಟ್ಟಿಗೆಗಳ ಕಾಲ. ಕಚೇರಿಗೊಂದು ಸರ್ವರ್, ಮೆಟ್ಟಿಲ ಕೆಳಗೊಂದು ಸಂದಿ. ಆ ಪೆಟ್ಟಿಗೆಗಳೊಳಗಿನ ಇಂಟೆಲ್ ಮಾದರಿಯ ಪ್ರೊಸೆಸರಿಗೆ ಈ ವೇಷ ಕಟ್ಟೋದು ಸುಲಭ ಇರಲಿಲ್ಲ. ಒಳಗಿನ ಪ್ರೋಗ್ರಾಮು ಮಾಡಬಾರದ್ದನ್ನು ಮಾಡಹೊರಟಾಗ ಪ್ರೊಸೆಸರು ಅದನ್ನು ತಡೆದು ಮೇಲ್ವಿಚಾರಕನಿಗೆ ಹೇಳಬೇಕು. ಇಂಟೆಲ್‌ನ ಕೆಲವು ಆದೇಶಗಳು ಹೇಳದೆ ಕೇಳದೆ ಬೇರೆ ರೀತಿ ವರ್ತಿಸುತ್ತಿದ್ದವು. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಅಂಥ ಆದೇಶಗಳನ್ನು ಓಡುತ್ತಿರುವಾಗಲೇ ಹಿಡಿದು ಬದಲಿಸುವ ದಾರಿ ಕಂಡುಕೊಂಡು, ಮರುವರ್ಷವೇ ಮಾರಾಟಕ್ಕಿಟ್ಟಿತು. 2003ರಲ್ಲಿ ಇಂಗ್ಲೆಂಡಿನ ಇನ್ನೊಂದು ಕೇಂಬ್ರಿಜ್‌ನ ವಿಶ್ವವಿದ್ಯಾಲಯದಿಂದ ಝೆನ್ ಬಂತು. ಅಮೆಜಾನ್ ಅದೇ ಝೆನ್ ಮೇಲೆ 2006ರ ಆಗಸ್ಟಿನಲ್ಲಿ ಬಾಡಿಗೆ ಅಂಗಡಿ ತೆರೆಯಿತು. ಗಂಟೆಗೆ 10 ಸೆಂಟ್ ಕೊಟ್ಟರೆ 1.7 ಜಿಬಿ ಮೆಮೊರಿಯ ಒಂದು ವೇಷ.

"ಅಲ್ಲಿಗೆ ಹೋದ್ರೆ ಲೆಕ್ಕ ಕಳೆಯಲ್ಲ ತಾನೆ?" ಅಂದರು ಗುಮಾಸ್ತರು.

ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ಆ ಮೊದಲ ದಿನಗಳಲ್ಲಿ ಬಾಡಿಗೆ ಯಂತ್ರವನ್ನು ಬಿಟ್ಟುಕೊಟ್ಟರೆ ಅದರ ಡಿಸ್ಕಿನಲ್ಲಿದ್ದದ್ದೂ ಹೋಗುತ್ತಿತ್ತು. ಯಂತ್ರ ಹೋದರೂ ಉಳಿಯುವ ಡಿಸ್ಕನ್ನು ಅಮೆಜಾನ್ ಕೊಟ್ಟದ್ದು 2008ರಲ್ಲಿ. ಈಗಲೂ ಅಷ್ಟೆ. ಅಲ್ಲಿ ಸಿಡಿಲು ನಮ್ಮ ಚಿಂತೆಯಲ್ಲ, ಬ್ಯಾಕಪ್ ಮಾತ್ರ ನಮ್ಮದೇ ಚಿಂತೆ.

ಸಂಘದ ಬ್ರಾಡ್‌ಬ್ಯಾಂಡಿನಲ್ಲಿ ಅಷ್ಟು ದೊಡ್ಡ ಪ್ರತಿಯನ್ನು ಕಳಿಸಲು ವಾರಗಟ್ಟಲೆ ಬೇಕಿತ್ತು. ಡಿಸ್ಕನ್ನು ಟವಲಿನಲ್ಲಿ ಸುತ್ತಿ, ತೊಡೆ ಮೇಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆ. ಕ್ಲೌಡಿಗೆ ಹೋಗುವ ದಾರಿಯ ಮೊದಲ ಅರ್ಧ ಕೆಂಪು ಬಸ್ಸು! ಅಲ್ಲಿಂದ ಮುಂಬೈಗೆ ಏರಿಸಿದೆ. ಅಮೆಜಾನಿನ ಮುಂಬೈ ಕೇಂದ್ರ ತೆರೆದು ಆಗಿನ್ನೂ ವರ್ಷವಾಗಿತ್ತಷ್ಟೆ. ಅಲ್ಲಿ ಆ ಸರ್ವರ್ ಎಚ್ಚರಗೊಂಡಾಗ ತಾನಿನ್ನೂ ಮೆಟ್ಟಿಲ ಕೆಳಗೇ ಇದ್ದೇನೆ ಅಂದುಕೊಂಡಿತ್ತು. ಕ್ರೀಸಿ ಮತ್ತು ಕೋಮೋ ಬಯಸಿದ್ದೂ ಅದನ್ನೇ.

ಗೊತ್ತಾದದ್ದು ಸಂಘದವರಿಗೆ. "ಒಂದು ಖಾತೆ ತೆಗೆಯೋಕೆ ಒಂದು ಎಲೆಅಡಿಕೆ ಹಾಕಿ ಮುಗಿಸಬಹುದು" ಅಂತ ಗುಮಾಸ್ತರ ಫೋನು. ಕಾರಣ ಇಷ್ಟೇ. ಒಂದು ಖಾತೆಯ ಪುಟ ತೆರೆಯಲು ಮೇಜಿನ ಮೇಲಿನ ಪ್ರೋಗ್ರಾಮು ಡೇಟಾಬೇಸಿಗೆ ನೂರಾರು ಚಿಕ್ಕ ಪ್ರಶ್ನೆ ಕೇಳುತ್ತಿತ್ತು. ಒಂದೇ ಕಟ್ಟಡದಲ್ಲಿ ಒಂದು ಪ್ರಶ್ನೆಗೆ ಒಂದು ಮಿಲಿಸೆಕೆಂಡೂ ಬೇಡ. ಮುಂಬೈಗೆ ಹೋಗಿಬರಲು 40. ಪ್ರಶ್ನೆ ಐನೂರಾದರೆ 20 ಸೆಕೆಂಡ್. ಹಾಗಾಗಿ ಮೇಜಿನ ಪ್ರೋಗ್ರಾಮನ್ನೂ ಅಲ್ಲಿಗೇ ಒಯ್ದು, ಸಂಘದಲ್ಲಿ ಪರದೆ ಮಾತ್ರ ಕಾಣುವ ಹಾಗೆ ಮಾಡಿದೆ. ವೇಗವೇನೋ ಬಂತು, ಆದರೆ ಸದಸ್ಯರ ಹೆಸರುಗಳೆಲ್ಲ ಕೊಂಬು ಬಾಲ ಹೊತ್ತ ಇಂಗ್ಲಿಷ್ ಅಕ್ಷರಗಳಾದವು! ಹೆಸರುಗಳನ್ನು ಯೂನಿಕೋಡ್‌ನಲ್ಲಲ್ಲ, ಹಳೇ ಕನ್ನಡ ಫಾಂಟಿನ ಸಂಕೇತಗಳಲ್ಲಿ ತುಂಬಿಟ್ಟಿದ್ದರು. ಫಾಂಟ್ ಇದ್ದದ್ದು ಮೇಜಿನ ಕಂಪ್ಯೂಟರುಗಳಲ್ಲಿ, ಸರ್ವರಿನಲ್ಲಲ್ಲ. ಅದನ್ನು ಹಾಕಿದ ಮೇಲೆ ಹೆಸರುಗಳು ಮರಳಿದವು. ಹಳೇ ವಿಂಡೋಸನ್ನು ಹೊಸದಕ್ಕೆ ಏರಿಸುವ ಕೆಲಸ ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಮುಂಬೈಗೆ ಹೋದ ಮಾತ್ರಕ್ಕೆ 2003ರ ವಿಂಡೋಸಿನ ಪ್ರಾಯ ಇಳಿಯಲ್ಲ ನೋಡಿ.

ಈಗ ಸಂಘದ ಮೇಜಿನ ಮೇಲಿರೋದು ಪರದೆ, ಕೀಲಿಮಣೆ. ಲೆಕ್ಕ ಮಾಡುವ ಯಂತ್ರ ಬೇರೆಲ್ಲೋ. 1967ರಲ್ಲಿ ಟೈಪ್‌ರೈಟರಿನಂಥ ಟರ್ಮಿನಲ್ಲಿನ ಮುಂದೆ ಕೂತ ಕೇಂಬ್ರಿಜ್ ಮಂದಿಗೂ ಇದ್ದದ್ದು ಇದೇ ಏರ್ಪಾಡು. ಐವತ್ತು ವರ್ಷ ಸುತ್ತಿ ಅಲ್ಲಿಗೇ ಬಂದೆವು. ಮನೆ ಬದಲಾಯಿಸಿದ್ದು ಯಂತ್ರಕ್ಕೆ ಗೊತ್ತಾಗದ ಹಾಗೆ ಮಾಡೋದನ್ನು ಆ ಮಂದಿ ಆಗಲೇ ಬಗೆಹರಿಸಿದ್ದರು. ಡೇಟಾಬೇಸ್ ಯಾವ ಡ್ರೈವಿನಲ್ಲಿದೆ, ಹೆಸರು ಯಾವ ಫಾಂಟಿನಲ್ಲಿದೆ ಅಂತ ಮನುಷ್ಯರು ಒಬ್ಬರಿಗೊಬ್ಬರು ಹೇಳೋದನ್ನು ಯಾವ ಯಂತ್ರವೂ ಬಗೆಹರಿಸಿಲ್ಲ.

ಗುಮಾಸ್ತರು ಈಗ ಉದ್ದದ ರಿಜಿಸ್ಟರ್ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು, ಯಾರೋ ಒಬ್ಬ ಸದಸ್ಯರ ಬಾಕಿಯನ್ನು ಅವರ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿ ಸಹಿ ಹಾಕುತ್ತಾರೆ. ಆಯುಧಪೂಜೆಯ ದಿನ ಕುಂಕುಮ ಹಚ್ಚೋದೂ ಆ ರಿಜಿಸ್ಟರಿಗೇ.