ತೊಂಡೇಬಾವಿಯಿಂದ ಹೊರಡುವ ಇಮೇಲಿಗೆ ಯಾರ ಜಾಮೀನು?

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ ಒಂದು ಹಾಲು ಉತ್ಪಾದಕರ ಸಂಘವೋ ಹಳೆಯ ವಿದ್ಯಾರ್ಥಿಗಳ ಬಳಗವೋ ಸ್ವಂತ ಡೊಮೇನ್ ಕೊಂಡು, ಮನೆಯ ಬ್ರಾಡ್‌ಬ್ಯಾಂಡಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಪೋಸ್ಟ್‌ಫಿಕ್ಸ್ ಎಂಬ ಇಮೇಲ್ ಸರ್ವರ್ ತಂತ್ರಾಂಶ ಹಾಕಿ ಸದಸ್ಯರಿಗೆ ಇಮೇಲ್ ಕಳಿಸಲು ಹೊರಟಿತೆಂದು ಇಟ್ಟುಕೊಳ್ಳೋಣ. ತಂತ್ರಾಂಶಕ್ಕೆ ಕಾಸು ಬೇಡ. ಆದರೂ ಪತ್ರ ತಲುಪುವುದು ಕಷ್ಟ. ಕಾರಣವನ್ನು ಪತ್ರದ ಒಕ್ಕಣೆಯಲ್ಲಿ ಹುಡುಕಿದರೆ ಸಿಗದು.

ಎದುರಿನ ಸರ್ವರ್ ಒಕ್ಕಣೆ ನೋಡುವ ಮೊದಲೇ ಐಪಿ ವಿಳಾಸವನ್ನು ವಿಚಾರಿಸುತ್ತದೆ. ವಿಳಾಸ 192.0.2.45 ಆಗಿದ್ದರೆ ಅದನ್ನು 45.2.0.192 ಎಂದು ತಿರುಗಿಸಿ, ಕಪ್ಪುಪಟ್ಟಿಯ ಡೊಮೇನನ್ನು ಅದಕ್ಕೆ ಸೇರಿಸಿ ಡಿಎನ್ಎಸ್‌ನಲ್ಲಿ ಕೇಳುತ್ತದೆ. ಇಂಥ ಪಟ್ಟಿಗಳನ್ನು ನಡೆಸುವ ಸ್ಪ್ಯಾಮ್‌ಹಾಸ್ ಸಂಸ್ಥೆಯಿಂದ 127.0.0.10 ಅಥವಾ 127.0.0.11 ಎಂಬ ಉತ್ತರ ಬಂದರೆ ಆ ವಿಳಾಸ ಅದರ ಪಿಬಿಎಲ್ ಪಟ್ಟಿಯಲ್ಲಿದೆ ಎಂದರ್ಥ. 10 ಆದರೆ ಪಟ್ಟಿಗೆ ಸೇರಿಸಿದ್ದು ಇಂಟರ್ನೆಟ್ ಕಂಪನಿಯೇ. 11 ಆದರೆ ಸ್ಪ್ಯಾಮ್‌ಹಾಸ್. ಇದು ತಪ್ಪಿತಸ್ಥರ ಪಟ್ಟಿಯಲ್ಲ, ನೇರವಾಗಿ ಇಮೇಲ್ ಕಳಿಸಬಾರದ ಮನೆಬಳಕೆಯ ವಿಳಾಸಗಳ ಪಟ್ಟಿ. ಸಂಘ ಒಂದೂ ಪತ್ರ ಬರೆಯದಿರುವಾಗಲೇ ತೀರ್ಪು ಆಗಿಹೋಗಿರುತ್ತದೆ. ಐಪಿ ಹಂಚಿಕೊಳ್ಳುವ ಸಿಜಿನ್ಯಾಟ್ ವ್ಯವಸ್ಥೆ ಇದ್ದಲ್ಲಿ ಹತ್ತಾರು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ. ಯಾರದೋ ಮನೆಯ ವೈರಸ್ ಹೊಕ್ಕ ಯಂತ್ರದ ಅಪಕೀರ್ತಿ ಎಲ್ಲರಿಗೂ ಅಂಟುತ್ತದೆ. ಐಪಿ ಯಾವ ಹೆಸರಿನದೆಂದು ಹೇಳುವ ಪಿಟಿಆರ್ ದಾಖಲೆ ಬರೆಸುವುದೂ ಐಪಿ ಒಡೆಯನ ಕೈಯಲ್ಲಿದೆ.

ಆದ್ದರಿಂದ ಕಳಿಸುವ ಸರ್ವರಿಗೆ ಡೇಟಾ ಸೆಂಟರಿನ ಸ್ಥಿರ ಐಪಿ ಬೇಕೇ ಬೇಕು. ಅದರ ಮೇಲೆ, ಪತ್ರ ಆ ಡೊಮೇನಿನದೇ ಎಂದು ದೃಢಪಡಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್. ಇವುಗಳಲ್ಲಿ ಡಿಕೆಐಎಂಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಎಸ್‌ಪಿಎಫ್ ಹೇಳುವುದು ಯಾವ ಐಪಿಯಿಂದ ಕಳಿಸಬಹುದು ಎಂಬುದನ್ನಷ್ಟೆ. ಪತ್ರವನ್ನು ಬೇರೊಬ್ಬರು ಫಾರ್ವರ್ಡ್ ಮಾಡಿದೊಡನೆ ಅದು ಮುರಿಯುತ್ತದೆ. ಡಿಕೆಐಎಂ ಸಹಿ ಪತ್ರದೊಂದಿಗೇ ಸಾಗುತ್ತದೆ. ನಾಳೆ ಸರ್ವರ್ ಬದಲಾಯಿಸಿದರೂ ಡೊಮೇನ್ ಗಳಿಸಿದ ಹೆಸರು ಉಳಿಯುತ್ತದೆ.

2024ರ ಫೆಬ್ರವರಿಯಿಂದ ಜಿಮೇಲ್, ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರುಗಳು ಶೇ. 0.3ರೊಳಗೆ ಇರಬೇಕೆಂಬ ಸೂಚನೆ ಸಣ್ಣವರಿಗೂ ಇದೆ. ಚಿಕ್ಕ ಸಂಘಗಳಿಗೆ ಇಲ್ಲೇ ಪೆಟ್ಟು. 200 ಸದಸ್ಯರಲ್ಲಿ ಒಬ್ಬರು ಸ್ಪ್ಯಾಮ್ ಗುಂಡಿ ಒತ್ತಿದರೆ ಶೇ. 0.5. ಇಷ್ಟು ಕಡಿಮೆ ಪತ್ರಗಳಿದ್ದರೆ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಅಂಕಿಅಂಶವನ್ನೂ ತೋರಿಸದೆ ಇರಬಹುದು. ಮೊದಲ ವಾರಗಳಲ್ಲಿ ತಪ್ಪದೆ ಉತ್ತರಿಸುವ ಸದಸ್ಯರಿಗೆ ಮಾತ್ರ ಬರೆದು, ಆಮೇಲೆ ಪಟ್ಟಿಯನ್ನು ಹಿಗ್ಗಿಸುವುದೇ ದಾರಿ.

ಬರುವ ಪತ್ರಗಳ ವಿಷಯ ಬೇರೆ. ತೆಗೆದುಕೊಳ್ಳುವ ಸರ್ವರ್ ಸಿಗದಿದ್ದರೆ ಕಳಿಸಿದವರ ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 5 ದಿನ ಮತ್ತೆ ಮತ್ತೆ ಯತ್ನಿಸುತ್ತದೆ. ಊರಿನಲ್ಲಿ ಒಂದೆರಡು ದಿನ ಕರೆಂಟ್ ಹೋದರೂ ಪತ್ರ ಕಳೆಯದು. ಹಾಗಾಗಿ ಪತ್ರಗಳ ಸಂಗ್ರಹ ತೊಂಡೇಬಾವಿಯ ಯಂತ್ರದಲ್ಲೇ ಇರಲಿ, ಹೊರಹೋಗುವ ಪತ್ರಗಳಷ್ಟೇ ಡೇಟಾ ಸೆಂಟರಿನ ಸ್ಥಿರ ಐಪಿಯಿಂದ ಹೊರಡಲಿ. ಊರಿನ ಸಂಘಗಳಿಗೆ ನಾನು ಸೂಚಿಸುವ ವ್ಯವಸ್ಥೆ ಇದೇ.